ಎದುರಾಳಿಯ ಮೂಲೆ

ಆ ಬೆಳಿಗ್ಗೆ ಉತ್ತರದ ಗಾಳಿ ಎದ್ದಿತ್ತು. ಸಮುದ್ರವು ತಡೆಗೋಡೆ ಹಾರಿ ಹವಾನಾದ ರಸ್ತೆಗೇ ಬಂದಿದ್ದರಿಂದ ಬಸ್ಸುಗಳು ನಿಂತುಹೋಗಿದ್ದವು. ನಾನೂ ನನ್ನ ತಮ್ಮನ ಮಗಳು ಓಸ್ಲೈದಾಳೂ ಅವಳ ಬಾಕ್ಸಿಂಗ್ ಪಂದ್ಯಕ್ಕೆ ನಡೆದೇ ಹೊರಟೆವು. ದಾರಿಯಲ್ಲಿ ಇಗರ್ಜಿ ಹೊಕ್ಕು ದೇವಮಾತೆಯ ಪಾದಕ್ಕೆ ಸೂರ್ಯಕಾಂತಿ ಹೂವಿಟ್ಟೆ. ಅವಳು ಬಹಳ ಹೊತ್ತು ಮೊಣಕಾಲೂರಿದ್ದಳು.

"ಗೆಲುವು ಕೇಳ್ಕೊಂಡ್ಯಾ?" ಎಂದೆ.

"ಇಲ್ಲ ಅತ್ತೆ. ಆ ಮುದುಕನ ಮುಂದೆ ತಲೆ ಬಗ್ಗಿಸದ ಹಾಗೆ ನೋಡ್ಕೋ ಅಂದೆ."

"ಅಮ್ಮನ ಹತ್ರ ಹೋಗಿ ಸೊಕ್ಕು ಬೇಡ್ಕೊಂಡು ಬಂದ್ಯಾ?"

"ಇನ್ನೆಲ್ಲಿ ಬೇಡ್ಲಿ? ಈ ಊರಿನ ಅಂಗಡೀಲಿ ಅದೂ ಸಿಗಲ್ಲ."

ಮುದುಕನೆಂದರೆ ಎವೆಲಿಯೊ ಮೇಷ್ಟ್ರು. ನಮ್ಮ ಬೀದಿಯ ಬಾಕ್ಸಿಂಗ್ ಶಾಲೆ ಅವರದು. "ಹುಡುಗೀರು ಕುಣಿಯೋದು ಕಲೀಲಿ" ಎಂದು ಇವಳನ್ನು ಬಾಗಿಲಿಂದಲೇ ಕಳಿಸಿದ್ದರು. ಇವಳು ಆರು ವರ್ಷ ಕಿಟಕಿಯ ಸರಳು ಹಿಡಿದು ನಿಂತಳು. ಕಂಡದ್ದನ್ನೆಲ್ಲ ಮನೆಯ ಮಾಳಿಗೆಯಲ್ಲಿ ಹಳೇ ಬಟ್ಟೆ ತುಂಬಿದ ಚೀಲಕ್ಕೆ ಗುದ್ದಿ ಕಲಿತಳು. ಆಮೇಲೆ ಸರ್ಕಾರ ಮೇಷ್ಟ್ರನ್ನು ಬಾಕ್ಸಿಂಗ್ ಕಲಿಸಲು ಮೆಕ್ಸಿಕೋಗೆ ಕಳಿಸಿತು. ಅಲ್ಲಿ ಅವರ ಕೈಗೆ ಕೊಟ್ಟದ್ದೇ ಹುಡುಗಿಯರನ್ನು! ಇತ್ತ ನಮ್ಮಲ್ಲೂ ಹುಡುಗಿಯರಿಗೆ ಕಣಕ್ಕಿಳಿಯಲು ಒಪ್ಪಿಗೆ ಸಿಕ್ಕಿ, ಇವಳು ತಂಡಕ್ಕೆ ಆಯ್ಕೆಯಾದಳು. ಈಗ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಅವರಲ್ಲೊಬ್ಬಳನ್ನು ಕರೆತಂದಿದ್ದರು. ಚೀಟಿ ಎತ್ತಿದಾಗ ಅವಳಿಗೆ ಎದುರಾಗಿ ಬಂದದ್ದು ನಮ್ಮ ಓಸ್ಲೈದಾ.

ಹವ್ಯಾಸಿ ಬಾಕ್ಸಿಂಗಿನಲ್ಲಿ ಒಂದು ಪದ್ಧತಿಯಿದೆ. ಪಂದ್ಯ ಮುಗಿದ ಮೇಲೆ ಸೋತವರೂ ಗೆದ್ದವರೂ ಎದುರಾಳಿಯ ಮೂಲೆಗೆ ಹೋಗಿ ಅಲ್ಲಿನ ಗುರುವಿಗೆ ತಲೆಬಾಗಬೇಕು. ಅದನ್ನೇ ಇವಳು ಒಲ್ಲೆನೆಂದದ್ದು.

ಸಭಾಂಗಣಕ್ಕೆ ಮೇಷ್ಟ್ರು ಬರುತ್ತಲೇ ಜನ ಕೂಗಿದರು: "ಏನ್ ಮೇಷ್ಟ್ರೇ, ಮೆಕ್ಸಿಕೋದಲ್ಲಿ ಕುಣಿಯೋದು ಕಲಿಸ್ತಿದ್ದೀರಂತೆ!"

ಮೊದಲ ಸುತ್ತಿನಲ್ಲಿ ನಮ್ಮವಳು ಹೊಡೆತ ತಿಂದಳು. ಸುತ್ತು ನಡೆವಾಗ ಗುರುಗಳು ಕೂಗುವಂತಿಲ್ಲ. ಮೇಷ್ಟ್ರು ಹಳೇ ಅಭ್ಯಾಸದಂತೆ ಕಣದ ಹಲಗೆಗೆ ಬೆರಳಿನಿಂದ ತಟ್ಟುತ್ತಿದ್ದರು. ಒಂದು ತಟ್ಟಿದರೆ ತಲೆಗೆ, ಎರಡಕ್ಕೆ ಹೊಟ್ಟೆಗೆ ಹೊಡೆ ಎಂದು ಶಿಷ್ಯರಿಗೆ ಸನ್ನೆ. ಎರಡನೇ ಸುತ್ತಿನಲ್ಲಿ ಓಸ್ಲೈದಾಳ ಕಿವಿಗೆ ಅದು ಬಿತ್ತು. ಕಿಟಕಿಯಾಚೆ ನಿಂತು ಆರು ವರ್ಷ ಕೇಳಿದ ಸದ್ದು! ಎರಡು ತಟ್ಟು ಕೇಳುತ್ತಲೇ ಇವಳ ಮೊಣಕೈ ಹೊಟ್ಟೆಗೆ ಅಡ್ಡ ಬಂದಿತು, ಎಡಗೈ ಆ ಹುಡುಗಿಯ ದವಡೆಗೆ ಹೋಯಿತು. ಮತ್ತೆ ತಟ್ಟಿದರು, ಮತ್ತೆ ಹಾಗೆಯೇ ಆಯಿತು. ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ಅವರು ನಮ್ಮವಳನ್ನು ದಿಟ್ಟಿಸಿ ನೋಡಿದರು.

ಮೂರನೇ ಸುತ್ತಿನಲ್ಲಿ ಅವರು ತಟ್ಟಲೇ ಇಲ್ಲ. ಐವರು ತೀರ್ಪುಗಾರರಲ್ಲಿ ನಾಲ್ವರು ಓಸ್ಲೈದಾ ಎಂದರು.

ಮೆಕ್ಸಿಕೋದ ಹುಡುಗಿ ನಮ್ಮ ಮೂಲೆಗೆ ಬಂದು ತಲೆಬಾಗಿ ಹೋದಳು. ಓಸ್ಲೈದಾ ಎದುರಿನ ಮೂಲೆಗೆ ನಡೆದಳು. ನಾನು ಜಪಸರ ಬಿಗಿಹಿಡಿದೆ. ಅವಳು ಮೇಷ್ಟ್ರ ಮುಂದೆ ಕಂಬದಂತೆ ನಿಂತಳು, ಕತ್ತು ಬಾಗಲಿಲ್ಲ. ಸಭಾಂಗಣ ಗುಜುಗುಜು ಎಂದಿತು.

"ಯಾರ ಹತ್ರ ಕಲಿತೆ?" ಮೇಷ್ಟ್ರು ಕೇಳಿದರು.

"ನಿಮ್ಮ ಹತ್ರಾನೇ. ನೀವು ಕಲಿಸ್ಲಿಲ್ಲ ಅಷ್ಟೇ."

ತನ್ನ ಶಿಷ್ಯ ಗೆದ್ದಾಗ ಅವನು ಕಣದಿಂದ ಇಳಿಯಲು ಗುರು ಕೆಳಗಿನ ಹಗ್ಗವನ್ನು ಮೆಟ್ಟಿ, ಮೇಲಿನದನ್ನು ಹೆಗಲಿಂದ ಎತ್ತಿ ದಾರಿ ಬಿಡುವುದುಂಟು. ಮೇಷ್ಟ್ರು ಕಣದ ಅಂಚಿಗೆ ಹತ್ತಿದರು. ಕೆಳಗಿನ ಹಗ್ಗ ಮೆಟ್ಟಿದರು. ಬಗ್ಗಿ, ಹೆಗಲು ಕೊಟ್ಟು ಮೇಲಿನದನ್ನು ಎತ್ತಿ, ಅವಳು ಇಳಿಯುವವರೆಗೂ ಹಾಗೆಯೇ ಹಿಡಿದರು.