ಹಾರೈಸಿದವರಿಗೆಲ್ಲ ಒಂದೊಂದು

ನನ್ನ ಗೆಳತಿ ಇಲೋನಾಳ ಅಜ್ಜಿ ಪೆಟ್ಟಿಗೆಯನ್ನು ಮೊಮ್ಮಗಳ ಕೈಗೆ ಕೊಡಲಿಲ್ಲ, ನನ್ನ ಕೈಗಿಟ್ಟರು.

“ಇವಳಿಗೆ ಕೊಟ್ಟರೆ ವಿಯೆನ್ನಾ ಬರೋಷ್ಟರಲ್ಲಿ ತಿಂದು ಮುಗಿಸ್ತಾಳೆ. ನೀನು ಜವಾಬ್ದಾರಿ ಇರೋ ಹುಡುಗಿ, ಕ್ವೇತಾ.”

ಹೆಮ್ಮೆ ಪಡಬೇಕಾದ ಮಾತು. ನಾನು ಮಾತ್ರ ಪೆಟ್ಟಿಗೆಯ ದಾರಕ್ಕೆ ಇನ್ನೊಂದು ಗಂಟು ಹಾಕಿದೆ.

ಪೆಟ್ಟಿಗೆಯಲ್ಲಿದ್ದದ್ದು ಮದುವೆಯ ಕೊಲಾಚ್ಕಿ, ಬಿಡಿಯಾಗಿ ಹೇಳಿದರೆ ಕೊಲಾಚೆಕ್: ಚೌಕ ಹಿಟ್ಟಿನ ನಡುವೆ ಗಸಗಸೆಯದೋ ಪನೀರಿನದೋ ಹೂರಣವಿಟ್ಟು, ನಾಲ್ಕು ಮೂಲೆ ಎಳೆದು ಚಿವುಟಿ ಬೇಯಿಸಿದ ಪುಟ್ಟ ಸಿಹಿ. ಇಲೋನಾಳ ಅಕ್ಕ ರಾದ್ಮಿಲಾ ದೂರದ ಇಟಲಿಯ ತ್ರಿಯೆಸ್ತೆಯಲ್ಲಿ ಮದುವೆಯಾಗುತ್ತಿದ್ದಳು. ಸೊಂಟದ ಶಸ್ತ್ರಚಿಕಿತ್ಸೆಯಾಗಿದ್ದ ಅಜ್ಜಿ ಅಷ್ಟು ದೂರ ಹೋಗುವಂತಿರಲಿಲ್ಲ. “ಊರಿಂದ ನನಗೆ ಬೇರೇನೂ ಬೇಡ. ಊಟಕ್ಕೆ ಕೂತವರ ತಟ್ಟೆ ಪಕ್ಕ ಅಜ್ಜಿಯ ಕೊಲಾಚೆಕ್ ಒಂದೊಂದು ಇರಬೇಕು, ಅಷ್ಟೇ,” ಎಂದು ರಾದ್ಮಿಲಾ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದಳು.

ರೈಲು ಹೊರಡುವ ಹೊತ್ತಿಗೆ ಅಜ್ಜಿ ಕಿಟಕಿಯ ಕೆಳಗೆ ಊರುಗೋಲು ಊರಿ ನಿಂತು ಇನ್ನೊಂದು ಮಾತು ಸೇರಿಸಿದರು. “ದಾರೀಲಿ ಯಾರಾದರೂ ಮದುವೆಗೆ ಒಳ್ಳೇದಾಗಲಿ ಅಂತ ಹಾರೈಸಿದರೆ ಬರಿಗೈಲಿ ಕಳಿಸಬೇಡ ಕಣಮ್ಮ. ಮದುಮಗಳಿಗೆ ಆಗಿಬರಲ್ಲ.”

ಚೆಕ್ ನಾಡಿನ ನಮ್ಮ ಕ್ಯೋವ್‌ನಂಥ ಸಣ್ಣ ಊರಿನಲ್ಲಿ ಹಾಗೆ ಹಾರೈಸುವವರು ಎಷ್ಟು ಮಂದಿ? ಪಕ್ಕದ ಮನೆಯವರು, ಅಂಚೆಯವನು. ಮುಂದಿನ ದಾರಿಯ ಬಗ್ಗೆ ಅಜ್ಜಿ ಯೋಚಿಸಿರಲಿಲ್ಲ. ನಾನಾದರೂ ಯೋಚಿಸಬೇಕಿತ್ತು.

ನೇರವಾಗಿ ಹೋಗೋಣ ಎಂದರೆ ಇಲೋನಾ ಒಪ್ಪಲಿಲ್ಲ. “ರಜೆ ಸಿಗೋದೇ ಅಪರೂಪ. ಹಗಲು ಕನ್ನಡಕದ ಅಂಗಡಿ, ಸಂಜೆ ಶಾಲೆ ಅಂತ ಸಾಯ್ತಿದ್ದೀಯ. ಜರ್ಮನ್ ಕಲಿತು ಎರಡು ವರ್ಷ ಆಯ್ತು, ಒಬ್ಬರ ಹತ್ತಿರಾನೂ ಮಾತಾಡಿಲ್ಲ. ಊರೂರಲ್ಲಿ ಇಳಿದು ಹೋಗೋಣ.”

ವಿಯೆನ್ನಾದ ಟ್ರಾಮಿನಲ್ಲಿ ನಾನು ಪೆಟ್ಟಿಗೆಯನ್ನು ಅವುಚಿಕೊಂಡು ಕೂತಿದ್ದ ರೀತಿ ನೋಡಿ ಎದುರಿನ ಮುದುಕರು ಕೇಳಿದರು. “ಒಳಗೆ ಬೆಕ್ಕಿದೆಯಾ ಮಗಳೇ?”

ಸುಮ್ಮನೆ ತಲೆ ಆಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಶಾಲೆಯ ಹೊರಗೆ ಯಾರೋ ನನ್ನನ್ನು ಜರ್ಮನ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ನಾನು ಪೂರ್ತಿ ವಾಕ್ಯದಲ್ಲಿ, ಕ್ರಿಯಾಪದ ಕೊನೆಗೆ ಬರುವಂತೆ ಎಚ್ಚರ ವಹಿಸಿ, ಇದು ನನ್ನ ಗೆಳತಿಯ ಅಕ್ಕನ ಮದುವೆಗೆಂದು ಅಜ್ಜಿ ಮಾಡಿಕೊಟ್ಟ ಸಿಹಿ ಎಂದೆ. ಮುದುಕರು ಟೋಪಿ ತೆಗೆದು, ನೂರು ಕಾಲ ಬಾಳಲಿ ಎಂದರು. ಪಕ್ಕದವರೂ ಹಾರೈಸಿದರು. ಹಿಂದಿನ ಸೀಟಿನ ಹೆಂಗಸರ ಗುಂಪು ಚಪ್ಪಾಳೆ ತಟ್ಟಿತು. ನಾನು ಪೆಟ್ಟಿಗೆಯ ದಾರ ಬಿಚ್ಚಿದೆ.

“ನಿನ್ನ ವ್ಯಾಕರಣ ಭಾಳ ಚೆನ್ನಾಗಿತ್ತು ಕಣೇ,” ಎಂದಳು ಇಲೋನಾ, ಇಳಿದ ಮೇಲೆ. “ಮೇಲಿನ ಪದರ ಪೂರ್ತಿ ಖಾಲಿ.”

ಗ್ರಾಜ್‌ನಲ್ಲಿ ನಾವು ತಂಗಿದ ಮನೆಯ ಒಡತಿ ಮದುವೆಯ ಸಿಹಿ ಎಂಬ ಮಾತು ಕೇಳಿ ನಾನೇ ಮದುಮಗಳೆಂದು ತಿಳಿದು ತಬ್ಬಿಕೊಂಡು ಕಣ್ಣೀರು ಹಾಕಿದರು. ಅಲ್ಲ ಎಂದು ಹೇಳುವ ಮೊದಲೇ ಬೆಳಗಿನ ಕಾಫಿಗೆ ಕೂತವರನ್ನೆಲ್ಲ ಕರೆದರು.

“ಗಂಡು ಯಾರು ಅಂತ ಕೇಳಿದರೆ ನನ್ನ ತೋರಿಸು,” ಎಂದು ಇಲೋನಾ ಕಿವಿಯಲ್ಲಿ ಪಿಸುಗುಟ್ಟಿದಳು.

“ನಗಬೇಡ ಕಣೇ! ರಾದ್ಮಿಲಾಗೆ ಏನು ಹೇಳೋದು?”

“ಕೊಡದೇ ಇದ್ದರಾಯ್ತು. ಅಜ್ಜಿಗೇನು ಕಾಣುತ್ತಾ?”

“ಆಮೇಲೆ ಅವಳ ಸಂಸಾರದಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ?”

“ಅಯ್ಯೋ ದೇವರೇ. ಒಂದು ಕೊಲಾಚೆಕ್ ಕೊಡದ್ದಕ್ಕಾ?”

ನಾನು ಕೊಟ್ಟೆ. ಎಲ್ಲರಿಗೂ.

ಸ್ಲೊವೇನಿಯಾದ ಲ್ಯೂಬ್ಲ್ಯಾನಾದಲ್ಲಿ ಬಾಯೇ ಬಿಡಬಾರದೆಂದು ತೀರ್ಮಾನಿಸಿದೆ. ಆದರೆ ಅಲ್ಲಿಯ ಭಾಷೆ ನಮ್ಮದಕ್ಕೆ ದಾಯಾದಿ ಎಂಬುದನ್ನು ಮರೆತು, ನದಿ ಪಕ್ಕದ ಸಂತೆಯಲ್ಲಿ ನಾನೂ ಇಲೋನಾಳೂ ಪೆಟ್ಟಿಗೆಯ ವಿಷಯಕ್ಕೆ ಜಗಳವಾಡಿಕೊಂಡೆವು. ಚೆರಿ ಮಾರುವ ಹೆಂಗಸರು ಕೈ ಕಟ್ಟಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಬ್ಬಾಕೆ, “ನಿಮ್ಮ ಅಕ್ಕನಿಗೆ ಒಳ್ಳೇ ಅತ್ತೆ ಸಿಗಲಿ,” ಎಂದಳು. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಅದಕ್ಕೆ ದನಿಗೂಡಿಸಿದರು.

“ಕೇಳಿಸಲಿಲ್ಲ ಅನ್ನೋ ಹಾಗೆ ನಡಿ,” ಎಂದಳು ಇಲೋನಾ.

“ಕೇಳಿಸಿತಲ್ಲ!”

ತ್ರಿಯೆಸ್ತೆಗೆ ಹೊರಟ ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲೆ ಹಗುರಾಗಿತ್ತು. ಸಮುದ್ರ ಕಂಡಿತೆಂದು ಇಲೋನಾ ಕೂಗಿದಳು. ನಾನು ತಲೆ ಎತ್ತಲಿಲ್ಲ.

ರಾದ್ಮಿಲಾ ತನ್ನ ಅತ್ತೆಯಾಗುವವರ ಅಡುಗೆಮನೆಯಲ್ಲಿ ಪೆಟ್ಟಿಗೆ ತೆರೆದಳು. ತಳದಲ್ಲಿ ಒಂದು ಮೂಲೆಗೆ ಸರಿದುಕೊಂಡು ಕೆಲವೇ ಕೊಲಾಚ್ಕಿ ಇದ್ದವು, ಉಳಿದದ್ದು ಸಕ್ಕರೆ ಪುಡಿ. ಅವಳು ಕಾಗದವನ್ನು ಎತ್ತಿ ಕೆಳಗೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ತಪ್ಪಾಯಿತು ಎಂದೆ. ಇಲೋನಾ ಅಜ್ಜಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು.

ಅಜ್ಜಿ, “ಏನಂತ ಹಾರೈಸಿದರು?” ಎಂದು ಕೇಳಿದರು.

ನಾನು ಟೋಪಿ ತೆಗೆದ ಮುದುಕರಿಂದ ಶುರು ಮಾಡಿದೆ. ಒಂದನ್ನೂ ಬಿಡಲಿಲ್ಲ. ಒಳ್ಳೇ ಅತ್ತೆ ಸಿಗಲಿ ಎಂದ ಚೆರಿ ಹೆಂಗಸಿನ ಮಾತಿಗೆ ಬಂದಾಗ, ಒಲೆಯ ಬಳಿ ನಿಂತಿದ್ದ ರಾದ್ಮಿಲಾಳ ಅತ್ತೆ ನೀವೆಸ್, “ಆಮೇಲೆ?” ಎಂದರು. ಆಕೆಯ ತಾಯಿಯ ಕಡೆಯವರು ಸ್ಲೊವೇನಿಯಾದವರಂತೆ. ನಮ್ಮ ಮಾತು ಅರ್ಧಂಬರ್ಧ ತಿಳಿಯುತ್ತಿತ್ತು.

“ಸರಿ,” ಎಂದರು ಅಜ್ಜಿ. “ಮದುವೆ ನಾಳೆ ತಾನೆ? ಮನೇಲಿ ಬೆಣ್ಣೆ ಇದೆಯಾ?”

ನೀವೆಸ್ ಫೋನಿನ ಹತ್ತಿರ ಬಾಗಿ, ಬೆಣ್ಣೆ ಇದೆ, ಪನೀರು ಮಾತ್ರ ನೀರು ನೀರು ಎಂದರು. ಅಜ್ಜಿ ಬಟ್ಟೆಯಲ್ಲಿ ಕಟ್ಟಿ ಹಿಂಡು ಎಂದರು. ಇಬ್ಬರೂ ತಂತಮ್ಮ ಭಾಷೆಯಲ್ಲಿ ಕಿರುಚಾಡುತ್ತ, ಅರ್ಥವಾಗದ ಕಡೆ ಇನ್ನೂ ಜೋರಾಗಿ ಕಿರುಚುತ್ತ, ಹಿಟ್ಟಿನ ಹದದ ಬಗ್ಗೆ ವಾದಕ್ಕಿಳಿದರು.

ನಾವು ಮೇಜಿನ ಸುತ್ತ ಕೂತು ಹಿಟ್ಟಿನ ಮೂಲೆ ಚಿವುಟಿದೆವು. ನಮ್ಮೂರಿನಲ್ಲಿ ಮದುವೆಗೆ ಮುಂಚೆ ಹೆಣ್ಣಿನ ಕಡೆಯ ಹೆಂಗಸರೆಲ್ಲ ಕೂತು ಮಾಡುವ ಕೆಲಸ ಇದು. ರಾದ್ಮಿಲಾ ನಡುವೆ ಕೂತಿದ್ದಳು, ಮೊಣಕೈವರೆಗೂ ಹಿಟ್ಟು. ನಾನು ಚಿವುಟಿದವು ಒಲೆಯಲ್ಲಿ ಬಾಯಿ ಬಿಟ್ಟವು.

“ಇವು ಕ್ವೇತಾಂದು,” ಎಂದಳು ಇಲೋನಾ. “ಬಾಯಿ ಮುಚ್ಚೋದು ಅವಳಿಗೆ ಬರೋದೇ ಇಲ್ಲ.”

ರಾದ್ಮಿಲಾ ನಕ್ಕಳು. ನಗುನಗುತ್ತಲೇ ಅಳು ಬಂದು, ಕೆನ್ನೆಗೆ ಹಿಟ್ಟು ಬಳಿದುಕೊಂಡಳು. “ಅಜ್ಜಿ, ಫೋನ್ ಇಡಬೇಡಿ,” ಎಂದಳು. ಅಜ್ಜಿ ಇಡಲಿಲ್ಲ. ಕೊನೆಯ ತಟ್ಟೆ ಒಲೆಯಿಂದ ಇಳಿಯುವವರೆಗೂ ಮೇಜಿನ ಮೇಲಿಂದ ಬೈಯುತ್ತಲೇ ಇದ್ದರು.

ಸಂಜೆಗೆ ಪೆಟ್ಟಿಗೆ ಮತ್ತೆ ತುಂಬಿತು. ತಟ್ಟೆಗೊಂದರಂತೆ ಸಾಲುತ್ತವೆ, ಒಂದೂ ಹೆಚ್ಚಿಲ್ಲ. ನಾನು ಬಾಗಿಲಲ್ಲಿ ಕುರ್ಚಿ ಹಾಕಿ ಕೂತೆ.

“ಇಲ್ಲೇನು ಮಾಡ್ತಿದ್ದೀಯ?” ಎಂದಳು ಇಲೋನಾ.

“ನಾಳೆ ಊಟದ ತನಕ ಯಾರೂ ಹಾರೈಸದ ಹಾಗೆ ಕಾಯ್ತಿದ್ದೀನಿ.”

ಅಷ್ಟರಲ್ಲಿ ಮೇಲಿನ ಮಹಡಿಯ ಮುದುಕಿ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ತೆರೆದ ಬಾಗಿಲಿನಿಂದ ಒಳಗಿದ್ದ ರಾದ್ಮಿಲಾಳನ್ನು ಕಂಡು ಮುಖವರಳಿಸಿ ಎರಡೂ ಕೈ ಚಾಚಿದರು. ಹಾರೈಕೆಯ ಮಾತಿನ್ನೂ ಬಾಯಿಂದ ಬಂದಿರಲಿಲ್ಲ.

ನಾನು ಎದ್ದು ಒಳಗೆ ಹೋದೆ. ನಾಳೆಯ ಊಟದ ಮೇಜಿನಲ್ಲಿ ನನ್ನದೂ ಒಂದು ತಟ್ಟೆ ಇರುತ್ತಿತ್ತಲ್ಲ. ಅದರ ಪಕ್ಕ ಇಡಬೇಕಾದದ್ದನ್ನು, ಬಾಯಿ ಬಿಟ್ಟಿದ್ದನ್ನೇ ಹುಡುಕಿ, ಕರವಸ್ತ್ರದಲ್ಲಿ ಸುತ್ತಿ ತಂದೆ.