ಅದೇ ಟೇಬಲ್ಲು

ನಾನು ಒಂದು ಪೂಲ್ ಟೇಬಲ್ಲು. ಆರು ಬಾಯಿ ಇದ್ದೂ ಒಂದು ನಾಲಿಗೆ ಇಲ್ಲದ ಜನ್ಮ ನನ್ನದು. ನಾಲಿಗೆ ಇದ್ದಿದ್ದರೆ ಈ ನಾಚಿಕೆಯನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತಿರಲಿಲ್ಲ, ಅವತ್ತೇ ಕೂಗಿ ಹೇಳಿಬಿಡುತ್ತಿದ್ದೆ. ಹೇಳುತ್ತಿದ್ದೆನೋ ಇಲ್ಲವೋ, ಯಾರಿಗೆ ಗೊತ್ತು! ನಾಲಿಗೆ ಇದ್ದವರೇ ಸುಮ್ಮನಿದ್ದರಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ಬಡಗಿ ಕಾರ್ಖಾನೆಯಲ್ಲಿ. ಮೈ ದಾಂಡೇಲಿ ಕಡೆಯ ಸಾಗವಾನಿ. ಮೇಲೆ ಮೂರು ಕಲ್ಲಿನ ಹಾಸು, ಒಂದೊಂದನ್ನೂ ನಾಲ್ಕು ಆಳು ಏದುಸಿರು ಬಿಡುತ್ತಾ ಹೊತ್ತು ತಂದರು. ಹಾಸುಗಳ ಸಂದಿಗೆ ಜೇನುಮೇಣ ಕಾಯಿಸಿ ಹೊಯ್ದರು, ಹಸಿರು ಉಣ್ಣೆಬಟ್ಟೆ ಬಿಗಿದರು. ಎಲ್ಲ ಮುಗಿದ ಮೇಲೆ ಮುದಿ ಮೇಸ್ತ್ರಿ ಎರಡು ಚೆಂಡು ಜೋಡಿಸಿ ನನ್ನ ಮೂಲೆಯ ಬಾಯಿಗೆ ಒತ್ತಿದ. ಎರಡೂ ಅಂಚಿಗೆ ಉಜ್ಜಿಕೊಂಡೇ ಒಳಗೆ ಹೋದವು. ನಾಲ್ಕೂವರೆ ಇಂಚು, ಮೇಲೊಂದು ಕೂದಲೆಳೆ. "ಹ್ಞಾಂ, ಬಾಯಿ ಬಿಗಿ ಐತಿ" ಎಂದು ಅವನು ಬೀಡಿ ಹಚ್ಚಿದ.

ಅಲ್ಲಿಂದ ಹುಬ್ಬಳ್ಳಿಗೆ ಬಂದೆ, ರೈಲ್ವೆ ಮಂದಿಯ ಒಂದು ಕ್ಲಬ್ಬಿಗೆ. ಆ ಕಾಲದಲ್ಲಿ ಎಲ್ಲರಿಗೂ ದೊಡ್ಡ ಬಿಲಿಯರ್ಡ್ಸ್ ಟೇಬಲ್ಲಿನದೇ ಹುಚ್ಚು. ನನ್ನನ್ನು ಕಂಡು "ಇದೇನ್ರಿ, ಊಟದ ಮೇಜು?" ಅನ್ನುತ್ತಿದ್ದರು. ನನ್ನನ್ನು ಮೊದಲು ಪ್ರೀತಿಸಿದವರು ಸಾಮುವೇಲಪ್ಪ ಉಳ್ಳಾಗಡ್ಡಿ. ಗೂಡ್ಸ್ ಗಾಡಿಯ ಗಾರ್ಡು. ಬಿಳಿ ಪ್ಯಾಂಟು, ಎದೆಯ ಜೇಬಿನಲ್ಲಿ ಸೀಟಿ. ಡ್ಯೂಟಿ ಇಳಿದು ಮನೆಗೆ ಹೋಗುವ ಮೊದಲು ನನ್ನ ಹತ್ತಿರ ಬರುತ್ತಿದ್ದರು.

ಅವರ ಆಟ ಸರಳ. ಹದಿನೈದು ಚೆಂಡು. ಯಾವುದನ್ನು ಯಾವ ಬಾಯಿಗೆ ಹಾಕುತ್ತೇನೆಂದು ಮೊದಲೇ ಹೇಳಿ ಹಾಕಬೇಕು. ಒಂದಕ್ಕೆ ಒಂದು ಲೆಕ್ಕ. ಹದಿನಾಲ್ಕು ಬಿದ್ದ ಮೇಲೆ ಆ ಹದಿನಾಲ್ಕನ್ನು ಮತ್ತೆ ಜೋಡಿಸಿಡುತ್ತಾರೆ, ಉಳಿದ ಒಂದರಿಂದ ಆಟ ಮುಂದುವರಿಯುತ್ತದೆ. ತಪ್ಪುವತನಕ ಆಡಬಹುದು. ಒಂದು ತಪ್ಪಿದರೆ ಮುಗಿಯಿತು, ಅಲ್ಲಿಯವರೆಗೆ ಎಷ್ಟೋ ಅಷ್ಟು.

ಶ್ರಾವಣದ ಒಂದು ಮಧ್ಯಾಹ್ನ ಗಾರ್ಡ್ ಸಾಹೇಬರು ಸತತವಾಗಿ ಎಂಬತ್ತಾರು ಹಾಕಿದರು. ಹೊರಗೆ ಜಡಿಮಳೆ. ನನ್ನ ಬಟ್ಟೆ ತೇವ ಕುಡಿದು ಭಾರವಾಗಿತ್ತು, ಚೆಂಡು ಉರುಳಲು ಒಲ್ಲೆನೆನ್ನುತ್ತಿತ್ತು. ಒಂದೊಂದನ್ನೂ ಅವರು ನನ್ನ ಬಾಯಿಯ ನಟ್ಟನಡುವೆ ಹಾಕಬೇಕಾಯಿತು, ಅಂಚಿಗೆ ತಾಗಿದರೆ ನಾನು ಉಗುಳಿಬಿಡುತ್ತಿದ್ದೆ. ಎಂಬತ್ತೇಳನೆಯದನ್ನು ಉಗುಳಿದ್ದೂ ನಾನೇ. ಸಾಹೇಬರು ನಕ್ಕು ನನ್ನ ಮೂಲೆ ತಟ್ಟಿದರು. ಅವತ್ತಿನಿಂದ ಊರಲ್ಲಿ ಅವರ ಹೆಸರು "ಎಂಬತ್ತಾರು ಉಳ್ಳಾಗಡ್ಡಿ" ಎಂದೇ ಆಯಿತು. ಯಾರಾದರೂ ಬಂದು ನಾನು ಅಲ್ಲಿ ನೂರು ಹೊಡೆದೆ, ಇಲ್ಲಿ ನೂರಾ ಹತ್ತು ಹೊಡೆದೆ ಅಂದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಟೇಬಲ್ ಹೆಂಗಿತ್ತು?" ಹೇಳಲು ಬಂದವನು ತಲೆ ಕೆರೆದುಕೊಳ್ಳುತ್ತಿದ್ದ. ನಾನು ಹೆಮ್ಮೆಯಿಂದ ಉಬ್ಬಿಹೋಗುತ್ತಿದ್ದೆ.

ಟೇಬಲ್ಲು ಬಿಗಿಯುವ, ಬಟ್ಟೆ ಬದಲಿಸುವ ಕೆಲಸಕ್ಕೆ ಬರುತ್ತಿದ್ದವನು ಮೌನೇಶ ಬಡಿಗೇರ. ಪಳಗಿದ ಕೈಯ ಬಡಗಿ. ಸಾಹೇಬರೇ ಅವನಿಗೆ ಕೋಲು ಹಿಡಿಯುವುದನ್ನು ಕಲಿಸಿದರು. ತಪ್ಪಿದರೆ "ಏ ಮೌನ್ಯಾ, ಬಾಗಿಲಾ ಕೂಡಸಾಕತ್ತಿಯೇನ್ಲೇ?" ಎಂದು ಬೈಯುತ್ತಿದ್ದರು. ಮಕ್ಕಳಿಲ್ಲದ ಸಾಹೇಬರಿಗೆ ಅವನೆಂದರೆ ಜೀವ.

ಕ್ಲಬ್ಬಿನಲ್ಲಿ ಆಡುವವರು ಕಡಿಮೆಯಾದರು, ಸಾಮಾನೆಲ್ಲ ಹರಾಜಾಯಿತು. ನನ್ನನ್ನು ಕೊಂಡವರು ತುಳಜಾಸಾ ಕಠಾರೆ. ವಿದ್ಯಾನಗರದಲ್ಲಿ ಕಾಲೇಜುಗಳ ಎದುರು ಮೊದಲ ಮಹಡಿಯಲ್ಲಿ ಪೂಲ್ ಪಾರ್ಲರ್ ತೆಗೆದರು. ಮೌನೇಶನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಹುಡುಗರು ಹಿಂಡುಹಿಂಡಾಗಿ ಬಂದರು, ಅರ್ಧ ತಾಸಿಗೆ ಮುಖ ಸಣ್ಣ ಮಾಡಿಕೊಂಡು ಹೋದರು. ಒಂದು ಚೆಂಡೂ ಬೀಳುತ್ತಿರಲಿಲ್ಲ, ಪಾಪ. ತಪ್ಪಿದವರೆಲ್ಲ ನನ್ನನ್ನೇ ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಒಳಗೊಳಗೇ ನಕ್ಕೆ.

ತುಳಜಾಸಾ ನಗಲಿಲ್ಲ. "ಮೌನೇಶಾ, ಇದರ ಬಾಯಿ ದೊಡ್ಡದು ಮಾಡೋ. ಗಿರಾಕಿ ನಕ್ಕೋತ ಹೋಗಬೇಕು, ಅಳಕೋತ ಅಲ್ಲ."

"ಸಾವಕಾರ್ರ, ಗಾರ್ಡ್ ಸಾಹೇಬ್ರು ಆಡಿದ ಟೇಬಲ್ರಿ ಇದು. ಕೊಯ್ಯಾಕ ಕೈ ಬರವಲ್ದು."

"ಸಾಹೇಬ್ರಿಗೆ ಕಣ್ಣಾಗ ಪೊರಿ ಬಂದೈತಿ, ಇನ್ನೇನ್ ಆಡಾಕ ಬರ್ತಾರ? ಕೊಯ್ಯೋ ಮಾರಾಯಾ."

ಮೌನೇಶ ಕೊಯ್ದ. ಅಂಚಿನ ರಬ್ಬರು ಬಿಚ್ಚಿ, ಮರವನ್ನು ಎರಡೂ ಕಡೆ ಸವರಿ, ತೆಳ್ಳನೆಯ ರಬ್ಬರು ಕೂರಿಸಿದ. ಐದೂಕಾಲು ಇಂಚಾಯಿತು. ಮೇಲೆ ನುಣ್ಣನೆಯ ಹೊಸ ಬಟ್ಟೆ. ಈಗ ಅಂಚಿಗೆ ಬಡಿದ ಚೆಂಡೂ ತಡವರಿಸಿಕೊಂಡು ಒಳಗೆ ಬೀಳತೊಡಗಿತು. ಹುಡುಗರು ಕೇಕೆ ಹಾಕಿದರು. ಪಾರ್ಲರ್ ತುಂಬಿತು. ಸುಳ್ಳೇಕೆ ಹೇಳಲಿ, ನನಗೂ ಹಿತವೆನಿಸಿತು. ಜೀವನವಿಡೀ ಉಗುಳಿ ಉಗುಳಿ ಬೈಸಿಕೊಂಡಿದ್ದವನಿಗೆ ನುಂಗಿ ಹೊಗಳಿಸಿಕೊಳ್ಳುವುದು ರುಚಿಸಿತು. ಥೂ, ನನ್ನ ಬುದ್ಧಿಗಿಷ್ಟು!

ಒಂದೆರಡು ವರ್ಷಕ್ಕೆ ಬಾಯಿ ಅಗಲವಾಗಿದ್ದನ್ನು ಎಲ್ಲರೂ ಮರೆತರು. ಮೌನೇಶನೂ ಮರೆತ ಎಂದೇ ಕಾಣುತ್ತದೆ. ಬಿಡುವಿದ್ದಾಗ ಆಡುತ್ತಿದ್ದ, ಕೈ ಚೆನ್ನಾಗಿ ಪಳಗಿತ್ತು. ಒಂದು ಭಾನುವಾರ ಮಧ್ಯಾಹ್ನ, ಪಾರ್ಲರ್ ತುಂಬ ಜನರಿದ್ದಾಗ, ಅವನ ಕೋಲು ನಿಲ್ಲಲೇ ಇಲ್ಲ. ಇಪ್ಪತ್ತಾಯಿತು, ನಲವತ್ತಾಯಿತು. ಬೇರೆ ಟೇಬಲ್ಲಿನವರೆಲ್ಲ ಆಟ ಬಿಟ್ಟು ಸುತ್ತ ನೆರೆದರು. ಎಂಬತ್ತಾರು ದಾಟಿದಾಗ ಸೂರು ಹಾರಿಹೋಗುವಂಥ ಸೀಟಿ. ತೊಂಬತ್ತೊಂದಕ್ಕೆ ನಿಂತಿತು.

ನಾನೂ ಎಣಿಸುತ್ತಿದ್ದೆ, ನನ್ನ ಲೆಕ್ಕವೇ ಬೇರೆ. ಹದಿನೇಳನೆಯ ಚೆಂಡು ನನ್ನ ಎಡ ಮೂಲೆಯ ಅಂಚಿಗೆ ಧಡ್ಡೆಂದು ಬಡಿದು ಒಳಗೆ ಬಿದ್ದಿತ್ತು. ಹಳೆಯ ಬಾಯಿಯಾಗಿದ್ದರೆ ಅದು ಹೊರಗೇ. ಅಂದರೆ ಮೌನೇಶನ ಆಟ ಹದಿನಾರಕ್ಕೇ ಮುಗಿದಿತ್ತು. ಅದು ಅವನಿಗೂ ಗೊತ್ತಾಯಿತು. ಕೋಲಿನ ತುದಿಗೆ ಸೀಮೆಸುಣ್ಣ ಹಚ್ಚುತ್ತಾ ಒಂದು ಗಳಿಗೆ ನನ್ನನ್ನೇ ನೋಡಿದ. ನೋಡಿ ಹದಿನೆಂಟನೆಯದಕ್ಕೆ ಬಗ್ಗಿದ.

ಮರುದಿನವೇ ತುಳಜಾಸಾ ಗೋಡೆಗೆ ಬೋರ್ಡು ಬರೆಸಿದರು: "ಅದೇ ಟೇಬಲ್ಲು! ಮೂವತ್ತೊಂದು ವರ್ಷದ ದಾಖಲೆ ಮುರಿದ ಮೌನೇಶ ಬಡಿಗೇರ, ೯೧." ಅದೇ ಟೇಬಲ್ಲು ಎಂಬುದನ್ನು ಕೆಂಪು ಬಣ್ಣದಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ. ಆ ಅಕ್ಷರ ನೋಡಿದಾಗಲೆಲ್ಲ ನನಗೆ ನೆಲ ಬಿರಿಯಬಾರದೇ ಅನಿಸುತ್ತಿತ್ತು.

ಆ ವಾರವೇ ಗಾರ್ಡ್ ಸಾಹೇಬರು ಬಂದರು. ಎಂಬತ್ತರ ಹತ್ತಿರದ ವಯಸ್ಸು. ಮೆಟ್ಟಿಲು ಹತ್ತಿ ಬರಲು ಕಾಲು ಗಂಟೆ ಹಿಡಿಯಿತು. ಕೈಯಲ್ಲಿ ಸೇವಂತಿಗೆ ಮಾಲೆ, ಬಗಲಲ್ಲಿ ಬಟ್ಟೆಯ ಚೀಲದಲ್ಲಿ ಅವರ ಕೋಲು. ಮೌನೇಶನ ಕೊರಳಿಗೆ ಮಾಲೆ ಹಾಕಿದರು.

"ಮಂದಿ ಅಲ್ಲಿ ನೂರು ಇಲ್ಲಿ ನೂರು ಅಂತ ಹೇಳಾಕ ಬರ್ತಿದ್ರು, ನಾ ಒಬ್ಬಂದೂ ಒಪ್ಪಿಲ್ಲ" ಅಂದರು. "ನಿಂದು ಒಪ್ಪಿದೆ ನೋಡೋ. ಯಾಕ ಹೇಳು? ಇಬ್ರೂ ಒಂದ ಟೇಬಲ್ ಮ್ಯಾಲೆ ಆಡೇವಿ." ಕೋಲನ್ನು ಅವನ ಕೈಗೆ ಕೊಟ್ಟರು. "ನನ್ನ ದಾಟಿದವಂಗ ಅಂತ ಇಟ್ಟಿದ್ನಿ. ನೀನ ದಾಟಿದಿ, ಬಾಳ ಖುಷಿ ಆತು."

ಮೌನೇಶನ ತುಟಿ ಅಲುಗಿತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ಪಕ್ಕದಲ್ಲಿ ತುಳಜಾಸಾ ಮೊಣಕೈಯಿಂದ ತಿವಿದರು. ಸುತ್ತ ಮೊಬೈಲು ಹಿಡಿದ ಹುಡುಗರು. ಎದುರಿಗೆ ಆ ಮುದುಕರ ಅರಳಿದ ಮುಖ. ಇದೆಲ್ಲ ನಿಜ, ಆದರೆ ತೊಂಬತ್ತೊಂದು ಅವನಿಗೆ ಸಿಹಿಯಾಗಿತ್ತು ಎಂಬುದೂ ನಿಜ. ಕೋಲು ತೆಗೆದುಕೊಂಡು ಕಾಲಿಗೆ ಬಿದ್ದ. ಸಾಹೇಬರು ಹೊರಡುವ ಮುನ್ನ ಎಂದಿನಂತೆ ನನ್ನ ಮೂಲೆ ತಟ್ಟಿದರು. ಅವರ ಕೈ ನನ್ನ ಬಾಯಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಮುದಿ ಕೈ, ಆಸರೆಗೆ ನಿಂತಿತ್ತೋ ಏನೋ.

ಆಮೇಲೆ ಮೌನೇಶನ ನೆಮ್ಮದಿ ಹೋಯಿತು. ಬೆಳಗ್ಗೆ ಕುಂಚದಿಂದ ನನ್ನ ಹಸಿರು ಬಟ್ಟೆ ಉಜ್ಜುವಾಗ ನನ್ನ ಜೊತೆಯೇ ಮಾತಾಡುತ್ತಿದ್ದ. "ನಿನ್ನೆ ಸಾಹೇಬ್ರ ಮನಿಗೆ ಹೋಗಿದ್ನಿ. ಹೇಳಬೇಕಂತನ ಹೋಗಿದ್ನಿ. ಅಮ್ಮಾರು ಚಹಾ ಕೊಟ್ರು, ಕುಡದು ಬಂದೆ." ಹೀಗೆ ಮೂರು ಸಲ ಚಹಾ ಕುಡಿದು ಬಂದ. ಬೀದಿಯಲ್ಲಿ ಯಾರೋ ಸಾಹೇಬರನ್ನು "ಎಂಬತ್ತಾರು ಉಳ್ಳಾಗಡ್ಡಿಯವ್ರ" ಎಂದು ಕರೆದರಂತೆ. "ಅದು ಹಳೇದಾತಪಾ, ಈಗ ನಮ್ಮ ಮೌನ್ಯಾಂದು" ಅಂದರಂತೆ. ಇದನ್ನು ಹೇಳುವಾಗ ಮೌನೇಶನ ಕುಂಚ ಒಂದೇ ಕಡೆ ಉಜ್ಜುತ್ತಿತ್ತು. ಆ ಮನುಷ್ಯನಿಗೆ ಇದ್ದದ್ದೇ ಅದೊಂದು ಸಂಖ್ಯೆ, ಅದನ್ನೂ ನಾವಿಬ್ಬರು ಸೇರಿ ಕಿತ್ತುಕೊಂಡಿದ್ದೆವು.

ಕೊನೆಗೆ ಮೌನೇಶ ಒಂದು ಉಪಾಯ ಹೂಡಿದ. ಬಡಗಿ ಮಾತ್ರ ಹೂಡಬಹುದಾದ ಉಪಾಯ. ಮರದ ತೆಳ್ಳನೆ ಬೆಣೆಗಳನ್ನು ಕೆತ್ತಿ, ರಬ್ಬರು ಅಂಟಿಸಿ, ಪಾರ್ಲರಿಗೆ ರಜೆ ಇರುವ ಸೋಮವಾರಗಳಂದು ನನ್ನ ಬಾಯಿಗಳಿಗೆ ಕೂರಿಸುತ್ತಿದ್ದ. ಆಗ ನಾನು ಮತ್ತೆ ನಾಲ್ಕೂವರೆ. "ಮೊದಲ ಎಂಬತ್ತೇಳು ಹೊಡಿತೀನಿ. ಹೊಡದು, ಆಮ್ಯಾಲೆ ಹೋಗಿ ಎಲ್ಲಾ ಹೇಳ್ತೀನಿ. ಆಗ ಸಾಹೇಬ್ರಿಗೂ ಬ್ಯಾಸರ ಆಗಂಗಿಲ್ಲ." ಅಯ್ಯೋ ಮರುಳೇ! ತಪ್ಪೊಪ್ಪಿಕೊಳ್ಳಲು ಹೋಗುವವನಿಗೆ ಗೆದ್ದೇ ಹೋಗಬೇಕೆಂಬ ಆಸೆ. ಆದರೆ ಬಿಗಿಬಾಯಿ ತಿರುಗಿ ಬಂತಲ್ಲ ಎಂಬ ಖುಷಿಯಲ್ಲಿ ನನಗೂ ಅದು ತಪ್ಪೆಂದು ಹೊಳೆಯಲಿಲ್ಲ.

ಮೊದಲ ಸೋಮವಾರ ಒಂಬತ್ತು. ಆಮೇಲೆ ಇಪ್ಪತ್ತಮೂರು, ನಲವತ್ತು. ಒಂದು ಸಲ ಐದು. ಏಳು ತಿಂಗಳು ಹೀಗೇ ಹೋಯಿತು. ಸಾಹೇಬರು ಹಾಸಿಗೆ ಹಿಡಿದ ಸುದ್ದಿ ಬಂದಿತ್ತು. ಮೌನೇಶ ಅವಸರ ಹೆಚ್ಚಿಸಿದನೇ ಹೊರತು ಹೋಗಿ ನೋಡಲಿಲ್ಲ. ಬರಿಗೈಯಲ್ಲಿ ಯಾವ ಮುಖ ಹೊತ್ತು ಹೋಗಲಿ ಅಂದ.

ಆ ಕೊನೆಯ ಸೋಮವಾರ ಅವನು ದೇವರು ಬಂದವನಂತೆ ಆಡಿದ. ಒಂದು ಚೆಂಡೂ ಅಂಚಿಗೆ ತಾಗಲಿಲ್ಲ. ಐವತ್ತೆರಡರಲ್ಲಿದ್ದಾಗ ಬೆಂಚಿನ ಮೇಲೆ ಮೊಬೈಲು ರಿಂಗಣಿಸಿತು. ತಿರುಗಿ ನೋಡಿದ. ಸಾಹೇಬರ ಮನೆಯ ಫೋನು. ನಿಂತ. ಫೋನು ರಿಂಗಣಿಸಿ ರಿಂಗಣಿಸಿ ಸುಮ್ಮನಾಯಿತು. ಐವತ್ತಮೂರನೆಯದನ್ನು ಹಾಕಿದ. ಮತ್ತೆ ರಿಂಗಣಿಸಿತು. "ಇನ್ನೊಂದು ಮೂವತ್ತು, ಅಷ್ಟ" ಎಂದು ಯಾರಿಗೋ ಹೇಳಿದ. ನಾಲ್ಕು ಸಲ ರಿಂಗಣಿಸಿತು. ಆಗ ನಾನು ಆ ಚೆಂಡನ್ನು ಉಗುಳಬೇಕಾಗಿತ್ತು. ಬೇಕೆಂದೇ ಉಗುಳಬೇಕಾಗಿತ್ತು! ಆದರೆ ಅವನು ನಟ್ಟನಡುವೆ ಹಾಕುತ್ತಿದ್ದ, ನಾನು ನುಂಗುತ್ತಿದ್ದೆ. ಎಪ್ಪತ್ತಮೂರಕ್ಕೆ ತಪ್ಪಿತು.

ಫೋನು ಎತ್ತಿಕೊಂಡು ತಿರುಗಿ ಮಾಡಿದ. ಸಾಹೇಬರ ಹೆಂಡತಿಯ ದನಿ ಖಾಲಿ ಪಾರ್ಲರಿನಲ್ಲಿ ನನಗೂ ಕೇಳಿಸಿತು. "ಹೋಗಿಬಿಟ್ರಪಾ ಮೌನೇಶಾ. ಒಂದು ಹತ್ತು ನಿಮಿಷ ಆತು. ಮೌನ್ಯಾನ್ನ ಕರೀರಿ, ಅವಂಗ ಒಂದು ಮಾತು ಕೇಳಬೇಕು ಅಂತ ಒಂದ ಸಮ ಅಂತಿದ್ರು. ಏನು ಕೇಳಾವ್ರಿದ್ರೋ, ನನಗೂ ಹೇಳಲಿಲ್ಲ."

ಅವರು ಏನು ಕೇಳುವವರಿದ್ದರು ಎಂದು ನನಗೆ ಗೊತ್ತಿದೆ, ನೂರು ಹೊಡೆದೆ ಅಂದವರನ್ನೆಲ್ಲ ಕೇಳುತ್ತಿದ್ದ ಅದೇ ಒಂದು ಮಾತು. ಮೌನೇಶನಿಗೂ ಗೊತ್ತಿತ್ತು. ನನ್ನ ಮೇಲೆ ಹಣೆಯಿಟ್ಟು ಅವನು ಅತ್ತ, ಬಟ್ಟೆ ಒದ್ದೆಯಾಗುವಂತೆ ಅತ್ತ.

ಮರುದಿನ ಮಣ್ಣು ಮುಗಿಸಿ ಸ್ಮಶಾನದಿಂದ ನೇರ ಪಾರ್ಲರಿಗೆ ಬಂದ. ಹಿಂದಿನ ದಿನದಿಂದ ಹಾಗೇ ಉಳಿದಿದ್ದ ಬೆಣೆಗಳನ್ನು ಕಿತ್ತು, ಅಳತೆಪಟ್ಟಿ ತೆಗೆದು, ತುಂಬಿದ ಜನರ ಎದುರು ನನ್ನ ಬಾಯಿ ಅಳೆದು ಕೂಗಿದ. "ನೋಡ್ರಿ, ಐದೂಕಾಲು ಇಂಚು! ಸಾಹೇಬ್ರು ಆಡಿದಾಗ ನಾಕೂವರಿ ಇತ್ತು. ನಾನ ಕೊಯ್ದೀನಿ. ನನ್ನ ತೊಂಬತ್ತೊಂದು ಸುಳ್ಳು!"

ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ಅಂದ: "ಅದಕ್ಯಾಕ ಇಷ್ಟು ತಲಿ ಕೆಡಿಸ್ಕೊಂಡಿ ಅಣ್ಣಾ? ಬಾಲ್ ಒಳಗ ಬಿದ್ದೂವಲ್ಲ, ಆತು." ತುಳಜಾಸಾ ಅವನ ಹೆಗಲು ಹಿಡಿದು ಬದಿಗೆ ಕರೆದೊಯ್ದರು. ಎರಡು ನಿಮಿಷದಲ್ಲಿ ಆಟ ಮತ್ತೆ ಶುರುವಾಯಿತು. ಸಿಟ್ಟಾಗಬೇಕಾದ ಒಬ್ಬನೇ ಒಬ್ಬ ಮನುಷ್ಯ ಮಣ್ಣಲ್ಲಿದ್ದ. ಮೌನೇಶ ಸುಣ್ಣದ ಬಕೆಟ್ಟು ತಂದು ಬೋರ್ಡಿನ ಮೇಲೆ ಬಳಿದು, ಅವತ್ತೇ ಕೆಲಸ ಬಿಟ್ಟ. ಕೋಲನ್ನು ಹಿಂದಿರುಗಿಸಲು ಹೋದರೆ ಅಮ್ಮನವರು ತೆಗೆದುಕೊಳ್ಳಲಿಲ್ಲವಂತೆ. ಅವರು ಕೊಟ್ಟದ್ದು ನಾ ಹೆಂಗ ಇಸ್ಕೊಳ್ಳಲಿ ಅಂದರಂತೆ.

ಪಾರ್ಲರ್ ಕೂಡ ಬಹಳ ಕಾಲ ಉಳಿಯಲಿಲ್ಲ. ನನ್ನನ್ನು ಯಾರೂ ಕೇಳದಿದ್ದಾಗ ಮೌನೇಶನೇ ಬಂದು, ಎತ್ತಿಸಿಕೊಂಡು ಹೋದ. ಈಗ ನಾನು ಅವನ ಬಡಗಿ ಶೆಡ್ಡಿನಲ್ಲಿದ್ದೇನೆ. ಬಟ್ಟೆ ಹೋಗಿದೆ. ಕಲ್ಲಿನ ಮೇಲೆ ಹಲಗೆ ಹಾಸಿದ್ದಾನೆ. ನನ್ನ ಮೇಲೆ ಬಾಗಿಲು, ಕಿಟಕಿ ತಯಾರಾಗುತ್ತವೆ, ಬಾಯಿ ತುಂಬ ಹೊಟ್ಟು ತುಂಬಿಕೊಂಡಿದೆ. ಕೆಲವೊಮ್ಮೆ ಯೋಚಿಸುತ್ತೇನೆ: ಬಿಗಿಯಾಗಿದ್ದದ್ದೂ ನನ್ನ ಗುಣವಲ್ಲ, ಅಗಲವಾದದ್ದೂ ನನ್ನ ದೋಷವಲ್ಲ, ಮಾಡಿದವರು ಮಾಡಿದ ಹಾಗೆ ಆದೆ. ಹೀಗೆ ಸಮಾಧಾನ ಮಾಡಿಕೊಂಡರೂ ನಾಚಿಕೆ ಮಾತ್ರ ಹೋಗುವುದಿಲ್ಲ. ಹಿತವೆನಿಸಿತ್ತಲ್ಲ ನನಗೆ.

ಮೊನ್ನೆ ಬಾಗಿಲು ಮಾಡಿಸಲು ಬಂದವರೊಬ್ಬರು ನನ್ನನ್ನು ಗುರುತಿಸಿದರು. ಕಾಲೇಜಿನ ದಿನಗಳಲ್ಲಿ ಪಾರ್ಲರಿಗೆ ಬರುತ್ತಿದ್ದವರಂತೆ.

"ಮೌನೇಶಣ್ಣಾ, ಇದರ ಮ್ಯಾಲೆ ರೆಕಾರ್ಡು ನಿಂದ ಅಲ್ಲೇನು? ತೊಂಬತ್ತೊಂದು?"

ಮೌನೇಶ ಉಜ್ಜುಗೊರಡು ಕೆಳಗಿಟ್ಟ. "ಅಲ್ರಿ. ಗಾರ್ಡ್ ಸಾಹೇಬ್ರದು. ಎಂಬತ್ತಾರು."

"ಮತ್ತ ನೀ ಆಡಿದ್ದು?"

"ನಾ ಆಡಿದ್ದು ಬ್ಯಾರೆ ಟೇಬಲ್ ಮ್ಯಾಲೆ" ಅಂದ ಮೌನೇಶ. ಹಾಗೆ ಹೇಳುವಾಗ ಅವನ ಅಂಗೈ ನನ್ನ ಮೇಲೆಯೇ ಇತ್ತು.