ಉಳಿದದ್ದು ಎದ್ದ ಮೇಲೆ

ನಮ್ಮ ಭಾವ ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಲೋಟದ ತಳದಲ್ಲಿ ತಣ್ಣಗಾದ ಕಾಫಿ, ಮಗಳು ಕಚ್ಚಿ ಮರೆತ ಸೇಬು, ಯಾರೋ ನಾಲ್ಕು ಮನೆ ತುಂಬಿ ಕೈಬಿಟ್ಟ ಪದಬಂಧ, ಟೆಂಡರ್ ಪ್ರಕಟಣೆಗಳ ಸಮೇತ ಇಡೀ ದಿನಪತ್ರಿಕೆ, ಎಲ್ಲವನ್ನೂ ವ್ರತ ಹಿಡಿದವರ ಶ್ರದ್ಧೆಯಿಂದ ಮುಗಿಸುತ್ತಾರೆ. ಟೀವಿಯಲ್ಲಿ ಎಂಥ ದರಿದ್ರ ಸಿನಿಮಾ ಬರುತ್ತಿದ್ದರೂ ಒಮ್ಮೆ ಕಣ್ಣಿಗೆ ಬಿದ್ದರೆ ಕೊನೆಯ ಹೆಸರು ಸರಿದುಹೋಗುವ ತನಕ ಕದಲುವುದಿಲ್ಲ. ನಾವು ಮಾತಿನ ಮಧ್ಯೆ ಏನೋ ನೆನಪಾಗಿ ತಡೆದೆವೆಂದರೆ, ಆಸ್ಪತ್ರೆಗೆ ಹೊರಟವರು ಒಂದು ಕಾಲು ಚಪ್ಪಲಿಯೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಹಾಗೆಯೇ ನಿಲ್ಲುತ್ತಾರೆ. "ಹೂಂ, ಆಮೇಲೆ?" ಎನ್ನುತ್ತಾರೆ. ಹೊಸಬರಿಗೆ ಇದು ತಮಾಷೆ. ಅಕ್ಕನಿಗೂ ನನಗೂ ಅಲ್ಲ, ಏಕೆಂದರೆ ಇದೇ ಮನುಷ್ಯ ಒಂದು ಕಾಲದಲ್ಲಿ ಅರ್ಧಕ್ಕೆ ನಿಲ್ಲಿಸುವುದರಲ್ಲೇ ಹೆಸರು ಮಾಡಿದವರು.

ಭಾವ ಅರಿವಳಿಕೆ ವೈದ್ಯರು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನಿದ್ದೆಗೆ ಕಳಿಸುವುದು, ಕೊಯ್ಯುವವರು ಕೊಯ್ದು ಹೊಲಿಯುವವರೆಗೂ ಮೈಯೆಲ್ಲ ಕಣ್ಣಾಗಿ ಆ ಉಸಿರನ್ನು ಕಾಯುವುದು, ಮತ್ತೆ ಎಬ್ಬಿಸಿ ಮನೆಯವರಿಗೆ ಒಪ್ಪಿಸುವುದು, ಇಷ್ಟು ಅವರ ಕಸುಬು. ಮಲಗಿದವರ ನಡುವೆಯೇ ಆಯುಷ್ಯ ಸವೆದದ್ದರಿಂದಲೋ ಏನೋ, ಆ ಎತ್ತರದ ಆಳು ಹಿಮ್ಮಡಿ ಊರದೆ ಬೆಕ್ಕಿನ ಹಾಗೆ ನಡೆಯುತ್ತಾರೆ. ಆಪರೇಷನ್ ಥಿಯೇಟರಿನ ಚಳಿ ಮೂಳೆಗೆ ಹತ್ತಿ, ಬಿರುಬೇಸಿಗೆಯಲ್ಲೂ ಮನೆಯೊಳಗೆ ಒಂದು ಬೂದುಬಣ್ಣದ ಸ್ವೆಟರ್ ತೊಟ್ಟಿರುತ್ತಾರೆ. ಅದರ ಮೊಣಕೈಯಲ್ಲಿ ಅಕ್ಕ ಹಾಕಿದ ತೇಪೆಯೂ ಸವೆದಿದೆ.

ಮೇಜಿನ ಮೇಲೆ ಮಲಗಿದವರ ಭಯ ಬಿಡಿಸಲು ಅವರು ಕಂಡುಕೊಂಡ ಉಪಾಯ ಕತೆ. ಸೂಜಿ ಚುಚ್ಚುತ್ತ ಶುರು ಮಾಡುವರು: "ಒಬ್ಬ ಕಳ್ಳ ಒಂದು ಮನೆಗೆ ನುಗ್ಗಿದ. ನೋಡ್ತಾನೆ, ಒಳಗೆ ಆಗಲೇ ಇನ್ನೊಬ್ಬ ಕಳ್ಳ ಇದ್ದಾನೆ." ಅಷ್ಟರಲ್ಲಿ ರೆಪ್ಪೆ ಭಾರವಾಗುವುದು. "ಉಳಿದದ್ದು ಎದ್ದ ಮೇಲೆ ಹೇಳ್ತೀನಿ" ಎನ್ನುವರು. ಪಿತ್ತಕೋಶ ತೆಗೆಸಿಕೊಂಡ ಹೆಂಗಸೊಬ್ಬಳು ಎಚ್ಚರವಾದ ಕೂಡಲೇ ನೀರು ಕೇಳಲಿಲ್ಲ, ಪಕ್ಕದಲ್ಲಿ ಪೆಚ್ಚಾಗಿ ನಿಂತ ಗಂಡನ ಕಡೆ ನೋಡಲಿಲ್ಲ, "ಆ ಇಬ್ಬರು ಕಳ್ಳರು ಏನಾದ್ರು?" ಎಂದಳಂತೆ. ಭಾವ ಕೊಟ್ಟ ಮಾತಿಗೆ ತಪ್ಪದೆ ಹೇಳಿದರು. ಇಬ್ಬರೂ ಮತ್ತೊಬ್ಬನನ್ನೇ ಮನೆಯ ಯಜಮಾನ ಅಂದುಕೊಂಡರು. ಒಬ್ಬ ಹೆದರಿ "ನಲ್ಲಿ ರಿಪೇರಿಗೆ ಬಂದೆ ಸ್ವಾಮಿ" ಎಂದ, ಇನ್ನೊಬ್ಬ ಹೆದರಿ "ಸರಿ, ಮಾಡಿ" ಎಂದ. ಊರಿಂದ ಬಂದ ನಿಜವಾದ ಯಜಮಾನ ನೋಡಿದರೆ ಏನೂ ಕಳುವಾಗಿಲ್ಲ, ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿ ನಿಂತಿದೆ. ಹೊಲಿಗೆ ನೋಯುತ್ತಿದ್ದರೂ ಆಕೆ ನಕ್ಕಳಂತೆ. ಆಸ್ಪತ್ರೆಯಲ್ಲಿ ಭಾವನಿಗೆ ಜೋಗುಳ ಡಾಕ್ಟ್ರು ಎಂದೇ ಹೆಸರು ಬಿದ್ದಿತ್ತು.

ಆಮೇಲೆ ಆ ಸಾಂಕ್ರಾಮಿಕ ರೋಗ ಬಂತು. ಶಸ್ತ್ರಚಿಕಿತ್ಸೆಗಳು ನಿಂತವು, ಥಿಯೇಟರಿನ ಉಸಿರಾಟದ ಯಂತ್ರಗಳನ್ನು ವಾರ್ಡಿಗೆ ತಳ್ಳಿಕೊಂಡು ಹೋದರು, ಅವುಗಳ ಹಿಂದೆಯೇ ಭಾವನೂ ಹೋದರು. ಶ್ವಾಸಕೋಶ ಸೋತಾಗ ರೋಗಿಯನ್ನು ಮಲಗಿಸಿ, ಗಂಟಲೊಳಗೆ ನಳಿಕೆ ಇಳಿಸಿ, ಉಸಿರಾಟದ ಹೊಣೆಯನ್ನು ಯಂತ್ರಕ್ಕೆ ಒಪ್ಪಿಸುವುದು ಅವರ ಪಾಲಿಗೆ ಬಂತು. ಅಡಿಯಿಂದ ಮುಡಿಯವರೆಗೆ ಮುಚ್ಚಿದ ಪೋಷಾಕಿನಲ್ಲಿ ಎರಡು ಕಣ್ಣು ಬಿಟ್ಟರೆ ಮನುಷ್ಯನೆನ್ನುವುದಕ್ಕೆ ಗುರುತಿಲ್ಲ, ರೋಗಿಯ ಹತ್ತಿರ ಮನೆಯವರಾರೂ ಇಲ್ಲ. ಭಾವ ತಮ್ಮಲ್ಲಿ ಇದ್ದದ್ದನ್ನೇ ಕೊಟ್ಟರು. ಮಾಸ್ಕಿನ ಹಿಂದಿನಿಂದ ಕೂಗಿ ಕೂಗಿ ಅರ್ಧ ಕತೆ ಹೇಳಿದರು. ಉಳಿದದ್ದು ಎದ್ದ ಮೇಲೆ ಎಂದರು. ಕೆಲವರು ಎದ್ದರು. ಬಹಳ ಜನ ಏಳಲಿಲ್ಲ.

ಏಳದವರಲ್ಲಿ ಒಬ್ಬರು ಯಾವುದೋ ಶಾಲೆಯ ಮೇಡಂ. ಭಾವ ಅವರ ವಿಷಯ ನನಗೆ ಹೇಳಿದ್ದು ಬಹಳ ತಿಂಗಳ ನಂತರ, ಒಂದು ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಒಣಗಿಹಾಕುತ್ತಿದ್ದಾಗ, ನನ್ನ ಮುಖ ನೋಡದೆ.

"ಕಳ್ಳರ ಕತೆ ಶುರು ಮಾಡಿದ್ದೆ ಕಣಯ್ಯ. ಉಸಿರೇ ಸಿಗ್ತಿಲ್ಲ ಆಕೆಗೆ. ಅಂಥದ್ರಲ್ಲೂ ನನ್ನ ಕೈ ಹಿಡ್ಕೊಂಡು, ಕೊನೇನೂ ಈಗಲೇ ಹೇಳ್ಬಿಡಿ ಡಾಕ್ಟ್ರೇ ಅಂದ್ರು."

"ಹೇಳಿದ್ರಾ?"

"ಈಗಲೇ ಹೇಳ್ಬಿಟ್ರೆ ಏಳೋಕೆ ನಿಮಗೇನು ಆಸೆ ಇರುತ್ತೆ ಅಂದೆ. ನಗ್ತಾ ಅಂದೆ." ಆಗಲೇ ಹಿಂಡಿದ್ದ ಟವೆಲನ್ನು ಮತ್ತೆ ಹಿಂಡಿದರು. "ಆ ಕಳ್ಳರಿಬ್ರೂ ಇನ್ನೂ ಆ ಮನೇಲೇ ಇದಾರೆ."

ಕೊನೆ ಹೇಳಿದ್ದರೂ ಆಕೆ ಬದುಕುತ್ತಿರಲಿಲ್ಲ, ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಸಾಯುವ ಹೊತ್ತಿನಲ್ಲಿ ಒಬ್ಬರು ಕೇಳಿದ್ದು ಅಷ್ಟೇ, ಅದನ್ನು ಕೊಡಲು ನಾಲ್ಕು ಮಾತು ಸಾಕಿತ್ತು, ತನ್ನ ಹಳೆಯ ಚಾಳಿ ಅಡ್ಡ ಬಂತು ಎಂಬ ಸಂಕಟಕ್ಕೆ ಯಾವ ಸಮಾಧಾನ ಹೇಳುವುದು? ಕತೆ ಕಟ್ಟುವುದೇ ನನ್ನ ಹೊಟ್ಟೆಪಾಡು. ಆದರೆ ಅವತ್ತು ಬಕೆಟ್ಟಿನಿಂದ ಒಂದು ಬಟ್ಟೆ ಎತ್ತಿಕೊಂಡೆ, ಅಷ್ಟೇ. ಮಿಕ್ಕ ಬಟ್ಟೆಯನ್ನು ಇಬ್ಬರೂ ಸೇರಿ ಒಣಗಿಹಾಕಿ ಕೆಳಗಿಳಿದೆವು.

ರೋಗ ಇಳಿಯಿತು, ಜನ ಮರೆತರು. ಆಸ್ಪತ್ರೆಯವರು ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆಂದು ಒಂದು ಉಪನ್ಯಾಸ ಇಟ್ಟುಕೊಂಡರು. ಬಂದ ತಜ್ಞರು, ಎಲ್ಲರೂ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದರಂತೆ. ಇಡೀ ಸಭಾಂಗಣದಲ್ಲಿ ಭಾವ ಒಬ್ಬರೇ ಕಣ್ಣು ತೆರೆದುಕೊಂಡು, ಉಳಿದವರ ಎದೆ ಏರಿ ಇಳಿಯುವುದನ್ನು ಕಾಯುತ್ತ ಕೂತಿದ್ದರು. ವಂದನಾರ್ಪಣೆ ಮುಗಿದು ಮೈಕಿನವನು ವೈರು ಸುತ್ತುವವರೆಗೂ ಏಳಲಿಲ್ಲ ಎಂದು ಅವರ ಜೊತೆಯ ನರ್ಸಮ್ಮ ಅಕ್ಕನಿಗೆ ಹೇಳಿದಳು, ನಗಲು ಹೋಗಿ ಅತ್ತಳು.

ಕೆಲಸದಲ್ಲಿ ಅವರ ಕೈ ತಪ್ಪಲಿಲ್ಲ, ಕತೆ ಮಾತ್ರ ನಿಂತಿತು. ಮೌನವಾಗಿ ಮಲಗಿಸುವರು, ಮೌನವಾಗಿ ಎಬ್ಬಿಸುವರು. ಮನೆಯಲ್ಲಿ ತಾವು ನಿದ್ದೆ ಮಾಡುವುದನ್ನೇ ಬಿಟ್ಟರು. ಅಕ್ಕ ಸಂಜೆ ಅವರು ಸ್ನಾನಕ್ಕೆ ಹೋದ ಕೂಡಲೇ, ನಲ್ಲಿಯ ಸದ್ದಿಗೆ ಕಿವಿಗೊಟ್ಟು, ಅವರ ಬ್ಯಾಗಿನ ಝಿಪ್ ಎಳೆದು ಒಳಗೆ ತಡಕುವಳು. ಅವರ ಕೈಗೆ ಎಟಕುವ ಔಷಧಗಳು ಎಂಥವೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ನನ್ನ ಕಣ್ಣಿಗೆ ಬಿದ್ದಾಗ ಮುಚ್ಚಿಡಲಿಲ್ಲ. "ತಿಂಗಳ ಕೊನೆಗೆ ಕೆಲಸ ಬಿಡ್ತೀನಿ ಅಂತ ಬರ್ಕೊಟ್ಟು ಬಂದಿದಾರೆ. ಬಿಟ್ರೆ ಬಿಡ್ಲಿ ಕಣೋ, ಮನುಷ್ಯ ಒಬ್ಬ ಉಳಿದ್ರೆ ಸಾಕು" ಎಂದಳು. ನನಗೆ ಭಯವಾಯಿತು.

ಅದೇ ತಿಂಗಳು ನನಗೆ ಹರ್ನಿಯಾ ಆಪರೇಷನ್ ಆಗಬೇಕಾಗಿ ಬಂತು. ನೀವೇ ಮಲಗಿಸಿ ಎಂದು ಭಾವನಿಗೆ ದುಂಬಾಲು ಬಿದ್ದೆ.

"ಸ್ವಂತದವರಿಗೆ ನಾವು ಅರಿವಳಿಕೆ ಕೊಡಬಾರದಯ್ಯ."

"ಭಾಮೈದ ಯಾವತ್ತಿಂದ ಸ್ವಂತದವನಾದ?" ಎಂದೆ. ಎಷ್ಟೋ ದಿನಗಳ ಮೇಲೆ ಅವರ ತುಟಿ ಸ್ವಲ್ಪ ಓರೆಯಾಯಿತು.

ಮೇಜಿನ ಮೇಲೆ ಮಲಗಿದೆ. ಮೇಲೆ ದೊಡ್ಡ ದುಂಡನೆಯ ದೀಪ, ತಲೆಯ ಹಿಂದೆ ಹಸಿರು ಟೋಪಿಯ ಭಾವ. ಕೈಗೆ ಸೂಜಿ ಹೋಯಿತು. ಕತೆಗೆ ಕಾದೆ, ಬರಲಿಲ್ಲ. ಏನು ಹೇಳುತ್ತೇನೆಂದು ನನಗೇ ಗೊತ್ತಿಲ್ಲದೆ ಶುರು ಮಾಡಿದೆ.

"ಭಾವ, ಒಬ್ಬ ಮುದುಕಿ ಗಡಿಯಾರ ರಿಪೇರಿ ಅಂಗಡಿಗೆ ಬಂದ್ಲು. ಅಂಗಡಿಯವನು ನೋಡಿದ, ಗಡಿಯಾರ ಸರಿಯಾಗೇ ಇದೆ. ಏನಮ್ಮ ಮಾಡ್ಲಿ ಅಂದ. ಸ್ವಲ್ಪ ಕೆಡಿಸಿ ಕೊಡಪ್ಪ ಅಂದ್ಲು." ನಾಲಿಗೆ ದಪ್ಪವಾಗುತ್ತಿತ್ತು. "ಉಳಿದದ್ದು ಎದ್ದ ಮೇಲೆ."

ಕಣ್ಣು ಬಿಟ್ಟಾಗ ಗೋಡೆ ಮಸುಕಾಗಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಭಾವ ಕೂತಿದ್ದರು, ಟೋಪಿಯನ್ನೂ ತೆಗೆದಿರಲಿಲ್ಲ. ಅವರ ಬೆರಳು ನನ್ನ ನಾಡಿಯ ಮೇಲಿತ್ತು.

"ಯಾಕೆ ಕೆಡಿಸು ಅಂದ್ಲು?" ಎಂದರು.

ನನಗೆ ಕೊನೆ ಗೊತ್ತಿರಲಿಲ್ಲ. ಆ ಮುಖ ನೋಡಿದ ಮೇಲೆ ಗೊತ್ತಿಲ್ಲ ಎನ್ನುವ ಹಾಗೂ ಇರಲಿಲ್ಲ. ಒಣಗಿದ ಬಾಯಲ್ಲೇ ಹೇಳಿದೆ. "ಮನೇಲಿ ಹಳೇ ಗಡಿಯಾರ ಹಿಂದೆ ಬೀಳ್ತಿತ್ತು. ಅವಳ ಗಂಡ ದಿನಾ ಬೆಳಿಗ್ಗೆ ಎದ್ದು ಅದನ್ನ ಸರಿ ಮಾಡ್ತಿದ್ದ. ಮಕ್ಕಳು ಹೊಸ ಗಡಿಯಾರ ತಂದ್ರು. ಅವತ್ತಿಂದ ಅವನು ಹಾಸಿಗೆಯಿಂದ ಏಳ್ತಿಲ್ಲ. ಸ್ವಲ್ಪ ಕೆಟ್ಟಿದ್ರೆ ಎದ್ದೇಳ್ತಾನಪ್ಪ ಅಂದ್ಲು."

"ಮುಗೀತಾ?"

"ಮುಗೀತು ಭಾವ."

ಅವರು ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತರು. ಅಷ್ಟು ದೊಡ್ಡ ಆಳು ಸದ್ದಿಲ್ಲದೆ ಅಳುವುದನ್ನು ನೋಡುತ್ತ ನಾನು ಮಲಗಿದ್ದೆ. ಕೈ ಚಾಚಲು ಹೊಲಿಗೆ ಬಿಡಲಿಲ್ಲ.

ಭಾವ ಸುಧಾರಿಸಿದರು ಎಂದು ಹೇಳಿದರೆ ಸುಳ್ಳಾದೀತು. ಕೆಲಸ ಬಿಡುವ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ಮುಂದಕ್ಕೆ ಹಾಕಿದ್ದಾರೆ. ಕತೆ ಇನ್ನೂ ಹೇಳುವುದಿಲ್ಲ. ಅಕ್ಕ ಈಗಲೂ ದಿನಾ ಬ್ಯಾಗು ನೋಡುತ್ತಾಳೆ. ಆದರೆ ಸ್ನಾನದ ಹೊತ್ತಿಗೆ ಕಾಯುವುದಿಲ್ಲ. ಭಾವ ಬಾಗಿಲೊಳಗೆ ಬಂದ ಕೂಡಲೇ ತಾವೇ ಝಿಪ್ ಎಳೆದು, ಬ್ಯಾಗನ್ನು ಅವಳ ಮುಂದೆ ಹಿಡಿದು, ಅವಳು ನೋಡಿ ಮುಗಿಸುವವರೆಗೂ ನಿಂತಿರುತ್ತಾರೆ.

ಲೋಕವನ್ನು ಮಲಗಿಸಿ ತಾವು ಎಚ್ಚರವಿರುವ ಒಂದು ಕುಲವಿದೆ. ಅವರ ಮುಖ ನಮಗೆ ನೆನಪಿರುವುದಿಲ್ಲ, ಏಕೆಂದರೆ ಅವರು ಕಂಡ ಕ್ಷಣದಲ್ಲೇ ನಮ್ಮ ಕಣ್ಣು ಮುಚ್ಚಿರುತ್ತದೆ. ಕಷ್ಟ ಬಂದಾಗ ಅವರನ್ನು ದೇವರು ಎಂದು ಕೊಂಡಾಡಿ, ಕಷ್ಟ ಕಳೆದ ಮೇಲೆ ನಮ್ಮ ಪಾಡಿಗೆ ನಾವು ಮನೆಗೆ ಹೋಗುತ್ತೇವೆ. ಅವರಿಗೆ ಬೇಕಾದದ್ದು ಕೊಂಡಾಟವಲ್ಲ. ಯಾರಾದರೂ ಕಣ್ಣು ಬಿಟ್ಟು, ಆಮೇಲೆ ಏನಾಯಿತು ಎಂದು ಅವರನ್ನು ಕೇಳಬೇಕು. ಏಳದೆ ಹೋದವರು ಕೇಳಲಾರರು. ಎದ್ದ ನಾವು ಕೇಳಲಿಲ್ಲ.